ಕುಂಕುಮ ಕಾಣದ ಫೋಟೋ

ಅಪ್ಪಿ, ಪುಟ್ಟವ್ವ,

ಹೋದ ರಜೆಯಲ್ಲಿ ನೀವಿಬ್ಬರೂ ನನ್ನ ಟ್ರಂಕು ತೆಗೆದು ಒಳಗಿನದೆಲ್ಲ ಪಡಸಾಲೆಯಲ್ಲಿ ಹರವಿದ್ದು ನೆನಪಿರಬೇಕು. ತಳದಲ್ಲಿ ಒಂದು ಫೋಟೋ ಸಿಕ್ಕಿತು. ನಾನು ಹಿತ್ತಲ ಒಲೆಯ ಮುಂದೆ ಕುಳಿತು ರೊಟ್ಟಿ ಬೇಯಿಸುತ್ತಿದ್ದೇನೆ. ಮೈಮೇಲೆ ಬಿಳಿ ಸೀರೆ, ಹಣೆ ಬರಿದು. ಪುಟ್ಟವ್ವ ಅದನ್ನು ಎತ್ತಿ ಹಿಡಿದು, "ಅಜ್ಜಿ, ಇದು ಅಜ್ಜ ಹೋದಮ್ಯಾಲೆ ತಗದಿದ್ದಲ್ಲ?" ಎಂದು ಕೇಳಿದಳು. "ಹೌದಲ್ಲ, ಕಾಣವಲ್ತೇನ?" ಎಂದು ಅಪ್ಪಿಯೇ ಉತ್ತರ ಕೊಟ್ಟುಬಿಟ್ಟ. ಮನೆ ತುಂಬ ಮಂದಿ ಇದ್ದರು. ನಾಲ್ಕು ಜನ ಇದ್ದಲ್ಲಿ ನನಗೆ ಬಾಯಿ ಬರುವುದಿಲ್ಲ. "ಅಲ್ಲ ಯವ್ವಾ" ಎಂದಷ್ಟೇ ಹೇಳಿ ಚಹಾ ಮಾಡುವ ನೆಪದಿಂದ ಎದ್ದು ಹೋದೆ.

ಅದು ನಿಮ್ಮ ಅಜ್ಜ ಹೋದ ಮೇಲಿನದಲ್ಲ. ಅದನ್ನು ತೆಗೆದದ್ದೇ ಅವರು. ಆ ಸೀರೆ ಕಡುನೀಲಿಯ ಇಳಕಲ್ ಸೀರೆ. ನನ್ನ ಹಣೆಯ ಮೇಲೆ ರೂಪಾಯಿ ಅಗಲದ ಕುಂಕುಮ ಇತ್ತು. ಇದ್ದದ್ದು ಎಲ್ಲಿ ಹೋಯಿತು ಎಂಬುದನ್ನು ಬಾಯಿಂದ ಹೇಳಲು ಆಗದ್ದರಿಂದ ಬರೆಯುತ್ತಿದ್ದೇನೆ. ಬರೆಯದೆ ಹೋದರೆ ನಾನೂ ಇಲ್ಲದಾದ ಮೇಲೆ ಆ ಫೋಟೋ ಸುಳ್ಳು ಹೇಳಿಕೊಂಡು ಕುಳಿತಿರುತ್ತದೆ.

ನಾನು ಕರ್ಜಗಿಯವಳು. ಊರಿನ ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆ ಮುಗಿಸಿದೆ, ಅಲ್ಲಿಗೆ ಸಾಕೆಂದರು. ಮದುವೆಯಾಗಿ ರಾಣೇಬೆನ್ನೂರಿಗೆ ಬಂದರೆ ಗಂಡನದು ಫೋಟೋ ಸ್ಟುಡಿಯೋ. ಮಂದಿಯ ಕಣ್ಣಿಗೆ ಬೀಳಲು ಹೆದರುವ ಹುಡುಗಿಯನ್ನು ದೇವರು ಕ್ಯಾಮೆರಾದವನ ಮನೆಗೇ ಕಳಿಸಿದ. ಮುಂದೆ ಸ್ಟುಡಿಯೋ, ಹಿಂದೆ ಮನೆ, ಅದರ ಹಿಂದೆ ಹಿತ್ತಲು. ನಮ್ಮ ಮದುವೆಯ ಫೋಟೋಗಳಲ್ಲಿ ನಾನು ತಲೆ ಬಗ್ಗಿಸಿಯೇ ಇದ್ದೇನೆ, ಬೈತಲೆ ಬಿಟ್ಟರೆ ಬೇರೆ ಕಾಣುವುದಿಲ್ಲ. "ಊರ ಮಂದಿ ಮಾರಿ ಎಲ್ಲಾ ತಗದೇನಿ. ನನ್ನ ಹೆಂಡತಿದು ಮಾತ್ರ ಬೈತಲಿ ಐತಿ ನೋಡ್ರಿ ನನ್ನ ಕಡೆ" ಎಂದು ಅವರು ಬಂದವರ ಮುಂದೆಲ್ಲ ಹೇಳುತ್ತಿದ್ದರು.

ಸ್ಟುಡಿಯೋದೊಳಗೆ ಫೋಟೋ ತೊಳೆಯುವ ಒಂದು ಕತ್ತಲೆ ಕೋಣೆ ಇತ್ತು. ಒಂದು ಕೆಂಪು ಬಲ್ಬು ಬಿಟ್ಟರೆ ಅಲ್ಲಿ ಬೇರೆ ಬೆಳಕಿಲ್ಲ. ಒಮ್ಮೆ ಕೆಲಸ ಬಹಳ ಇದ್ದಾಗ ಊಟ ಅಲ್ಲಿಗೇ ತರಲು ಹೇಳಿದರು. ಬಿಳಿ ಜೋಳದ ರೊಟ್ಟಿಯ ಮೇಲೆ ರಂಜಕ ಸವರಿ ಒಯ್ದೆ. ರಂಜಕವೆಂದರೆ ಹಸಿ ಕೆಂಪು ಮೆಣಸಿನಕಾಯಿ ರುಬ್ಬಿದ ಖಾರ, ನಿಮಗೆ ಗೊತ್ತು. ಆ ಕೆಂಪು ಬೆಳಕಿನಲ್ಲಿ ರಂಜಕ ಕಾಣಲೇ ಇಲ್ಲ. ರೊಟ್ಟಿ ಒಣಗಿದ್ದೆಂದುಕೊಂಡು ಅವರು ಅರ್ಧ ರೊಟ್ಟಿ ಸುರುಳಿ ಸುತ್ತಿ ಒಂದೇ ಸಲ ಬಾಯಿಗಿಟ್ಟರು. ಆಮೇಲೆ ಕತ್ತಲೆಯಲ್ಲಿ ನೀರಿನ ತಂಬಿಗೆ ಹುಡುಕಿದರು. ಅಲ್ಲಿದ್ದ ಪಾತ್ರೆಗಳಲ್ಲೆಲ್ಲ ಇದ್ದದ್ದು ಫೋಟೋ ತೊಳೆಯುವ ಔಷಧಿ. ಬಾಗಿಲು ತೆಗೆದರೆ ಕಾಗದ ಹಾಳು, ತೆಗೆಯದಿದ್ದರೆ ಗಂಡ ಹಾಳು. ನಾನು ಬಾಗಿಲು ತೆಗೆದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಿಮ್ಮ ಅಪ್ಪ ಇನ್ನೂ ಸಣ್ಣ ಶಾಲೆಗೆ ಹೋಗುತ್ತಿದ್ದ ಕಾಲ. ಬೆಳೆಯ ರೋಗ ಪರೀಕ್ಷಿಸುವ ಅಧಿಕಾರಿಯೊಬ್ಬರು ಮೆಣಸಿನಗಿಡಗಳ ಫೋಟೋ ತೆಗೆಯಲು ಈ ಕಡೆ ಬಂದಿದ್ದರು. ನಮ್ಮ ಕತ್ತಲೆ ಕೋಣೆಯನ್ನೇ ಬಳಸಿದರು. ಹೋಗುವಾಗ ಉಳಿದಿದ್ದ ಒಂದು ರೋಲು ಫಿಲ್ಮನ್ನೂ ಕ್ಯಾಮೆರಾದ ಕಣ್ಣಿಗೆ ಹಚ್ಚುವ ಒಂದು ದುಂಡನೆಯ ಕೆಂಪು ಗಾಜನ್ನೂ ಪ್ರೀತಿಯಿಂದ ಕೊಟ್ಟು ಹೋದರು. ಇನ್‌ಫ್ರಾರೆಡ್ ಫಿಲ್ಮು ಅಂತೆ. ತಂಪಿನಲ್ಲಿಡಬೇಕು, ಬೆಳಕಿನಲ್ಲಿ ಡಬ್ಬಿ ಸಹ ತೆಗೆಯಬಾರದು. ನಮ್ಮಲ್ಲಿ ಫ್ರಿಜ್ ಇರಲಿಲ್ಲ. ಅದನ್ನು ಓಣಿಯ ಐಸ್‌ಕ್ಯಾಂಡಿ ಅಂಗಡಿಯ ಪೆಟ್ಟಿಗೆಯಲ್ಲಿಟ್ಟರು. ಗಿರಾಕಿಗಳು ಏನೆಂದು ಕೇಳಿದರೆ ಅಂಗಡಿಯವನು, "ಅದು ಫೋಟೋದವರ ಕ್ಯಾಂಡಿ, ಮಾರಾಕಿಲ್ಲ" ಎನ್ನುತ್ತಿದ್ದ.

ಇನ್‌ಫ್ರಾರೆಡ್ ಅಂದರೆ ಏನೆಂದು ಅಜ್ಜ ಹೈಸ್ಕೂಲಿನ ವಿಜ್ಞಾನದ ಮಾಸ್ತರರನ್ನು ಕೇಳಿದರು. ಅವರು ಪುಸ್ತಕ ನೋಡಿ, ಅದು ಶಾಖದ ಕಿರಣ ಎಂದರು. ಅಷ್ಟು ಸಾಕಾಯಿತು. ಈ ಫಿಲ್ಮಿಗೆ ಕಾವು ಕಾಣುತ್ತದೆ, ಬಿಸಿಯಾದದ್ದೆಲ್ಲ ಬೆಳ್ಳಗೆ ಹೊಳೆಯುತ್ತದೆ ಎಂದು ಪೇಟೆಯಲ್ಲೆಲ್ಲ ಹೇಳಿ ಬಂದರು. ಹೇಳಿದ ಮೇಲೆ ತೋರಿಸಬೇಕಲ್ಲ. ಊರಿನಲ್ಲಿ ಬಿಸಿಯಾದದ್ದು ಏನಿದೆ ಎಂದು ಯೋಚಿಸಿ, ಕೊನೆಗೆ ನನ್ನ ಒಲೆಯ ಮುಂದೆ ಬಂದು ನಿಂತರು.

"ಏ ಕೇಳ ಇಲ್ಲಿ. ನಾಳೆ ಮುಂಜಾನೆ ರೊಟ್ಟಿ ಹಿತ್ತಲದಾಗ ಮಾಡು. ಹಂಚಿನ ಫೋಟೋ ತಗೀಬೇಕು."

"ಹಂಚಿಂದು ತಗೀರಿ. ನನ್ನ ಬಿಡ್ರಿ."

"ನೀ ರೊಟ್ಟಿ ನೋಡ, ನಾ ಹಂಚು ನೋಡ್ತೀನಿ. ನಿನ್ನ ಯಾರ ನೋಡ್ತಾರ?"

ಇದು ನನಗೆ ಒಪ್ಪಿಗೆಯಾಯಿತು. ಮರುದಿನ ಬಿಸಿಲೇರಿದ ಮೇಲೆ ಹಿತ್ತಲ ಬೇವಿನ ಗಿಡದ ಮುಂದಿನ ಒಲೆ ಹೊತ್ತಿಸಿ ಕುಳಿತೆ. ಫೋಟೋ ತೆಗೆಯುವವನ ಬೆನ್ನಿಗೆ ಸೂರ್ಯ ಇರಬೇಕೆಂದು ಅವರು ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ಸರಿದಾಡಿ ಕೋಳಿಗಳನ್ನೆಲ್ಲ ಓಡಿಸಿದರು. ಹಂಚು ಕಾದು ಹೊಗೆಯಾಡುತ್ತಿತ್ತು. "ಇನ್ನೂ ಕಾಯಲಿ" ಎನ್ನುತ್ತಿದ್ದರು. ಮೂರು ರೊಟ್ಟಿ ಸೀದವು. ನಾಲ್ಕನೆಯದು ಸೀಯುವಾಗ ನನಗೆ ನಗು ತಡೆಯಲಾಗದೆ ತಲೆ ಎತ್ತಿದೆ. ಆಗ ಒತ್ತಿದರು.

ಸಂಜೆ ತೊಳೆದ ಫೋಟೋ ಕೈಯಲ್ಲಿ ಹಿಡಿದು ಕತ್ತಲೆ ಕೋಣೆಯಿಂದ ಹೊರಗೆ ಬಂದವರ ಮುಖದಲ್ಲಿ ರಕ್ತವಿರಲಿಲ್ಲ. ಕಾದ ಹಂಚು ಮಸಿಯಂತೆ ಕಪ್ಪಗೇ ಇತ್ತು. ತಣ್ಣಗೆ ನಿಂತಿದ್ದ ಬೇವಿನ ಗಿಡ ಮಾತ್ರ ಹತ್ತಿ ಹಿಂಜಿ ಹರವಿದಂತೆ ಬೆಳ್ಳಗೆ ಉರಿಯುತ್ತಿತ್ತು. ಇದೇನು ತಲೆಕೆಳಗು ಎಂದು ಅವರು ಗಿಡ, ಹಂಚು ನೋಡುತ್ತಿದ್ದರೆ, ಬದಿಗೆ ಬಂದು ನಿಂತ ಅತ್ತೆ, ಅಂದರೆ ನಿಮ್ಮ ಮುತ್ತಜ್ಜಿ, ನನ್ನನ್ನು ನೋಡಿದರು. ನೀಲಿ ಸೀರೆ ಬೆಳ್ಳಗಾಗಿದೆ. ತಾಳಿ ಸೆರಗಿನೊಳಗಿದೆ. ಕುಂಕುಮ ಇಲ್ಲವೇ ಇಲ್ಲ. ಅತ್ತೆ ಫೋಟೋ ನೋಡಿದರು, ಮಗನನ್ನು ನೋಡಿದರು, ಮತ್ತೆ ಫೋಟೋ ನೋಡಿದರು.

"ತಮ್ಮಾ, ನೀ ಆರಾಮ ಅದೀಯಿಲ್ಲೋ?"

"ಅದೇನಿ ಯವ್ವಾ. ಇಲ್ಲೇ ನಿಂತೇನಲ್ಲ."

"ಉಸರು ತಗೊ ನೋಡೋಣು."

ಅವರು ಉಸಿರು ತೆಗೆದುಕೊಂಡು ತೋರಿಸಿದರು. ಅತ್ತೆಗೆ ಸಮಾಧಾನವಾಗಲಿಲ್ಲ. ಆ ಫಿಲ್ಮಿಗೆ ಕಾವು ಕಾಣುವುದಿಲ್ಲ, ಮುಂದೆ ಬರುವುದು ಕಾಣುತ್ತದೆ ಎಂದು ಅವರು ತೀರ್ಮಾನ ಮಾಡಿದರು. ಫೋಟೋ ಸುಡಲು ಹೇಳಿದರು. ಹಣಮಪ್ಪನ ಗುಡಿಗೆ ಕಾಯಿ ಒಡೆಯಲು ಕಳಿಸಿದರು. ನನ್ನನ್ನು ಕರೆದು, "ನೋಡವಾ, ನಿನ್ನ ಕುಂಕುಮ ನೀನ ಕಾಯಬೇಕು. ನಾಲ್ವತ್ತೊಂದು ದಿನ ಅವನ ನೆರಳಿನಂಗ ಇರು. ಅವ ಎಲ್ಲಿ ಹೋಗ್ತಾನ ಅಲ್ಲಿ ಹೋಗು" ಎಂದರು.

"ಮಂದ್ಯಾಗ ಹ್ಯಾಂಗ ಹೋಗ್ಲಿರೀ?"

"ಮಂದಿ ಮುಖ್ಯೋ, ಗಂಡ ಮುಖ್ಯೋ?"

ಹೀಗೆ, ಅಂಗಡಿಗೆ ಹೋಗಲೂ ನಾಚುತ್ತಿದ್ದ ನಾನು ಮರುದಿನದಿಂದ ಗಂಡನ ಮೊಪೆಡ್ಡಿನ ಹಿಂದೆ ಕುಳಿತು ಊರು ಸುತ್ತತೊಡಗಿದೆ. ಅವರು ಕ್ಷೌರಕ್ಕೆ ಹೋದಾಗಲೂ ಅಂಗಡಿಯ ಹೊರಗೆ ಗೋಡೆಗೆ ಮುಖ ಮಾಡಿ ನಿಂತಿದ್ದೇನೆ.

ಅಷ್ಟೇ ಆಗಿದ್ದರೆ ನಲವತ್ತೊಂದು ದಿನಕ್ಕೆ ಮುಗಿಯುತ್ತಿತ್ತು. ಆದರೆ ಫೋಟೋ ನೋಡಿದ ದಿನ ಓಣಿಯ ಒಬ್ಬಾಕೆ ಹೆಪ್ಪು ಕೇಳಲು ಬಂದಿದ್ದಳು. ಹೆಪ್ಪಿನ ಜೊತೆ ಸುದ್ದಿಯನ್ನೂ ಒಯ್ದಳು. ಸಂತೆ ಮುಗಿಯುವುದರೊಳಗೆ, ನಮ್ಮ ಸ್ಟುಡಿಯೋದ ಕ್ಯಾಮೆರಾ ಮುತ್ತೈದೆಯರ ಕುಂಕುಮ ಒರೆಸುತ್ತದೆ ಎಂದಾಗಿತ್ತು. ಗಂಡಿನ ಮನೆಗೆ ಕಳಿಸುವ ಹುಡುಗಿಯರ ಫೋಟೋ ತೆಗೆಸಲು ಬರುವವರು ಬಂದ್ ಆದರು. ಲಗ್ನದ ದಿನಗಳು ಎದುರಿಗಿದ್ದವು. ಅದಕ್ಕಿಂತ ದೊಡ್ಡ ಪೆಟ್ಟೆಂದರೆ ಬ್ಯಾಡಗಿಯದು. ಅಲ್ಲಿಯ ಮೆಣಸಿನಕಾಯಿ ವ್ಯಾಪಾರದ ದೊಡ್ಡ ಮನೆಯೊಂದರ ಮಗಳ ಮದುವೆಯ ಫೋಟೋ ನಮಗೆ ಒಪ್ಪಿಸಿದ್ದರು. ಆ ಮದುವೆ ಮಾಡಿದರೆ ಬ್ಯಾಡಗಿಯ ಪೇಟೆಯ ಮದುವೆಗಳೆಲ್ಲ ನಮ್ಮ ಕಡೆ ತಿರುಗುತ್ತವೆ ಎಂದು ಅಜ್ಜ ಆರು ತಿಂಗಳಿಂದ ಕಾದಿದ್ದರು. ಈಗ, ಮನೆಯ ಹಿರಿಯಜ್ಜಿ ಬೇಡ ಎನ್ನುತ್ತಿದ್ದಾರೆ, ಹಾವೇರಿಯ ಸ್ಟುಡಿಯೋದವರನ್ನು ವಿಚಾರಿಸುತ್ತಿದ್ದಾರೆ ಎಂದು ಹೇಳಿಕೆ ಬಂತು. ಅದು ಹೋದರೆ ಸ್ಟುಡಿಯೋದ ಬಾಗಿಲು ಹಾಕುವುದೇ ಸರಿ. ಹೋಗಿ ತಿಳಿಸಿ ಹೇಳೋಣವೆಂದರೆ ಕುಂಕುಮ ಯಾಕೆ ಹೋಯಿತೆಂಬುದು ಅಜ್ಜನಿಗೂ ಗೊತ್ತಿಲ್ಲ. ರಾತ್ರಿ ಊಟ ಮಾಡುವಾಗ ನನ್ನ ಹಣೆಯನ್ನೇ ನೋಡುತ್ತ ಕುಳಿತಿರುತ್ತಿದ್ದರು. ಮದುವೆಯಾದ ಹೊಸದರಲ್ಲೂ ಅಷ್ಟು ನೋಡಿರಲಿಲ್ಲ.

ಆಗ ಕುಮಾರಪಟ್ಟಣದಿಂದ ಒಂದು ಸುದ್ದಿ ಬಂತು. ಅಲ್ಲಿಯ ದೊಡ್ಡ ಕಾರ್ಖಾನೆಯ ಸಮಾರಂಭಗಳ ಫೋಟೋ ತೆಗೆಯಲು ಅಜ್ಜ ಹೋಗುತ್ತಿದ್ದರು, ಗುರುತಿನವರಿದ್ದರು. ಕರೆಂಟಿನ ತಂತಿಯ ಜೋಡಣೆ ಎಲ್ಲಿ ಕಾಯುತ್ತದೆ ಎಂದು ನೋಡುವ ಇನ್‌ಫ್ರಾರೆಡ್ ಕ್ಯಾಮೆರಾ ಹಿಡಿದು ಬೆಂಗಳೂರು ಕಡೆಯ ಇಂಜಿನಿಯರೊಬ್ಬರು ಬಂದಿದ್ದಾರೆ ಎಂದರು. ಇನ್‌ಫ್ರಾರೆಡ್ ಎಂಬ ಮಾತು ಕಿವಿಗೆ ಬಿದ್ದದ್ದೇ ಅಜ್ಜ ಮೊಪೆಡ್ ಹೊರಗೆ ತೆಗೆದರು. ನೆರಳು ಹಿಂದೆ ಹತ್ತಿ ಕುಳಿತಿತು.

ಇಂಜಿನಿಯರು ಹೊರಗಿನ ಅತಿಥಿಗೃಹದ ಕಟ್ಟೆಯ ಮೇಲೆ ಕೆಲಸ ಮುಗಿಸಿ ಚಹಾ ಕುಡಿಯುತ್ತಿದ್ದರು. ಒಳ್ಳೆಯವರು. ಅಜ್ಜ ಚೀಲದಿಂದ ಫೋಟೋ ತೆಗೆದರು. ಸುಡಲು ಹೇಳಿದ್ದನ್ನು ಸುಟ್ಟಿಲ್ಲ ಎಂಬುದು ನನಗೆ ಆಗಲೇ ಗೊತ್ತಾದದ್ದು. ಇಂಜಿನಿಯರು ಫೋಟೋ ನೋಡಿ, ನನ್ನನ್ನು ನೋಡಿ ನಕ್ಕರು. ಆಮೇಲೆ ತಮ್ಮ ಯಂತ್ರ ತೋರಿಸಿದರು. ಟ್ರಂಕಿನಷ್ಟು ಸಾಮಾನು. ಅದರ ಕಣ್ಣು ನಮ್ಮ ಕ್ಯಾಮೆರಾದ ಗಾಜಿನಂತೆ ಆರಪಾರ ಕಾಣುವಂಥದ್ದಲ್ಲ, ಕರಿಗಲ್ಲು ತಿಕ್ಕಿ ಹೊಳೆಯಿಸಿದ ಹಾಗಿತ್ತು. ಫ್ಲಾಸ್ಕಿನಿಂದ ಅದಕ್ಕೆ ಏನೋ ಸುರಿದರು, ಬಿಳಿ ಹೊಗೆ ಎದ್ದಿತು. ಅದು ಬಿಸಿಯ ಹೊಗೆಯಲ್ಲ, ವಿಪರೀತ ತಂಪಿನ ಹೊಗೆಯಂತೆ. ಕಾವು ನೋಡುವ ಯಂತ್ರ ತಾನು ತಣ್ಣಗಿರಬೇಕಂತೆ. ಇದು ಅತ್ತೆ ಸೊಸೆಯರಿಗೂ ಹೊಂದುವ ಮಾತು ಎಂದು ನನಗನ್ನಿಸಿತು, ಹೇಳಲಿಲ್ಲ.

ಸಣ್ಣ ಟಿವಿಯಂಥ ಡಬ್ಬಿಯಲ್ಲಿ ನಾವು ಕಂಡೆವು. ಇಬ್ಬರ ಮುಖವೂ ಬಿಳಿ ಕುಂಬಳಕಾಯಿ. ಚಹಾದ ಲೋಟ ದೀಪದಂತೆ ಹೊಳೆಯುತ್ತಿತ್ತು, ಮೊಪೆಡ್ಡಿನ ಹೊಗೆ ಕೊಳವೆಯೂ ಹಾಗೆಯೇ. ಗಾಳಿಗೆ ತಂಪಾದ ನನ್ನ ಮೂಗಿನ ತುದಿ ಕಪ್ಪು. ಅಜ್ಜನ ಕನ್ನಡಕದ ಗಾಜು ಎರಡು ಕರಿ ಬಿಲ್ಲೆ, ಹಿಂದೆ ಕಣ್ಣೇ ಇಲ್ಲ. ಗಾಜಿನೊಳಗಿಂದ ಈ ಯಂತ್ರಕ್ಕೆ ಏನೂ ಕಾಣುವುದಿಲ್ಲವಂತೆ. ಅಜ್ಜ ತಮ್ಮ ಕಣ್ಣಿನ ಚಿಂತೆ ಬಿಟ್ಟು ನನ್ನ ಹಣೆ ಹುಡುಕಿದರು.

"ಇದ್ರಾಗೂ ಕುಂಕುಮ ಇಲ್ಲಲ್ರಿ" ಎಂದರು, ಧ್ವನಿ ಸಣ್ಣಗಾಗಿತ್ತು.

"ಇದಕ್ಕೆ ಬಣ್ಣವೇ ಗೊತ್ತಿಲ್ಲ ಸಾರ್. ಹಣೆ ಎಷ್ಟು ಬೆಚ್ಚಗಿದೆಯೋ ಅದರ ಮೇಲಿನ ಕುಂಕುಮವೂ ಅಷ್ಟೇ ಬೆಚ್ಚಗಿದೆ. ಅಮ್ಮಾ, ಆ ಗೋಡೆಗೆ ಒಂದು ಸಲ ಅಂಗೈ ಒತ್ತಿ ತೆಗೀರಿ."

ಒತ್ತಿ ತೆಗೆದೆ. ಗೋಡೆಯ ಮೇಲೆ ಏನೂ ಇರಲಿಲ್ಲ. ಡಬ್ಬಿಯಲ್ಲಿ ನೋಡಿದರೆ ಗೋಡೆಗೆ ನನ್ನ ಕೈ ಬೆಳ್ಳಗೆ ಅಂಟಿಕೊಂಡಿತ್ತು. ಮಂದಿಯ ಗೋಡೆ ಹೊಲಸು ಮಾಡಿದೆನೆಂದು ಗಾಬರಿಯಾಗಿ ಸೆರಗಿನಿಂದ ತಿಕ್ಕಿದೆ. ತಿಕ್ಕಿದಷ್ಟೂ ಕಾವು ಏರಿ ಅದು ದೊಡ್ಡದಾಯಿತು. ಇಂಜಿನಿಯರು ಚಹಾ ಕೆಳಗಿಟ್ಟು ನಕ್ಕರು.

"ನೋಡಿ ಸಾರ್, ಈ ಯಂತ್ರಕ್ಕೆ ಬಿಸಿಲೂ ಬೇಡ, ದೀಪವೂ ಬೇಡ. ವಸ್ತು ತಾನಾಗಿ ಬಿಡೋ ಕಾವನ್ನ ನೋಡುತ್ತೆ. ನಿಮ್ಮ ಫಿಲ್ಮು ನೋಡೋದು ಬೆಳಕನ್ನ. ಕಣ್ಣಿಗೆ ಕಾಣೋ ಕೆಂಪು ಮುಗಿದ ಕೂಡಲೇ, ಅದರ ಆಚೆ ಕಾಣದ ಒಂದು ಬೆಳಕಿದೆ. ಅದನ್ನ ಸೂರ್ಯ ಕೊಡ್ತಾನೆ, ಎಲೆನೂ ಈ ಫೋಟೋದಲ್ಲಿರೋ ಸೀರೇನೂ ವಾಪಸ್ ಎಸೆಯುತ್ತೆ, ಫಿಲ್ಮು ಹಿಡ್ಕೊಳ್ಳುತ್ತೆ. ನಿಮ್ಮ ರೊಟ್ಟಿ ಹಂಚಿನ ಕಾವು ಫಿಲ್ಮಿಗೆ ಮುಟ್ಟೋದೇ ಇಲ್ಲ."

"ಎರಡಕ್ಕೂ ಇನ್‌ಫ್ರಾರೆಡ್ ಅಂತಾರಲ್ರಿ ಮತ್ತ?"

"ರಾಣೇಬೆನ್ನೂರೂ ಕರ್ನಾಟಕ, ಮಂಗಳೂರೂ ಕರ್ನಾಟಕ. ಎರಡೂ ಒಂದೇನಾ?"

ಅಜ್ಜ ಹೂಂ ಎಂದರು. ತಿಳಿದಿರಲಿಲ್ಲ. ತಿಳಿಯದಾಗಲೇ ಅವರು ಅಷ್ಟು ಲಗೂ ಹೂಂ ಅನ್ನುತ್ತಿದ್ದದ್ದು.

ತಿರುಗಿ ಬರುವಾಗ ಮೊಪೆಡ್ಡಿನ ಹಿಂದೆ ಕುಳಿತು ನಾನು ಯೋಚಿಸುತ್ತಿದ್ದೆ. ಹಂಚು ಕಾದಿದೆಯೋ ಇಲ್ಲವೋ ಎಂದು ನಾವು ಕಣ್ಣಿನಿಂದ ನೋಡುವುದಿಲ್ಲ, ಮೇಲೆ ಅಂಗೈ ಹಿಡಿಯುತ್ತೇವೆ. ಕಣ್ಣು ಮುಚ್ಚಿದರೂ ಕೈಗೆ ಗೊತ್ತಾಗುತ್ತದೆ. ಆ ಯಂತ್ರ ನನ್ನ ಅಂಗೈ. ರೊಟ್ಟಿ ಬಿಳಿಯದೋ ಕರಕಾದದ್ದೋ ಎಂದು ನೋಡಲು ಮಾತ್ರ ಬೆಳಕು ಬೇಕು, ಕಣ್ಣೂ ಬೇಕು. ಫಿಲ್ಮು ಎಂದರೆ ಕಣ್ಣು. ಆದರೆ ನಮ್ಮ ಕಣ್ಣಿಗಿಂತ ಒಂದು ಮೆಟ್ಟಿಲು ಆಚೆ ನಿಂತು ನೋಡುವ ಕಣ್ಣು. ಆ ಕಣ್ಣಿಗೆ ಬರೇ ಕೆಂಪು ಬೆಳಕೇ ಇರುವಲ್ಲಿ ಕೆಂಪು ಕುಂಕುಮ... ಅಲ್ಲಿಗೆ ಬಂದಾಗ ನನಗೆ ರಂಜಕದ ನೆನಪಾಯಿತು.

ಎದುರಿಗೆ ನಿಂತು ಗಂಡನಿಗೆ ತಿಳಿಸಿ ಹೇಳುವುದು ನನ್ನಿಂದ ಆಗುತ್ತಿರಲಿಲ್ಲ. ಬೆನ್ನಿಗೆ ಹೇಳುವುದು ಸುಲಭ.

"ರೀ, ಕತ್ತಲ ಕೋಣ್ಯಾಗ ರಂಜಕ ಕಾಣಲಿಲ್ಲಲ್ರಿ."

"ಅದನ್ಯಾಕ ಈಗ ನೆನಪ ಮಾಡ್ತಿ? ನಾಲಿಗಿ ಇನ್ನೂ ಉರೀತೈತಿ."

"ಬಿಳಿ ರೊಟ್ಟಿನೂ ಆ ಕೆಂಪು ಬೆಳಕು ತಿರುಗಿ ಕೊಡ್ತು, ರಂಜಕನೂ ಅಷ್ಟ ಕೊಡ್ತು. ಎರಡೂ ಒಂದ ಆತು. ಸುಣ್ಣದ ಗ್ವಾಡಿಗೆ ಸುಣ್ಣದ ಚುಕ್ಕಿ ಇಟ್ಟಂಗ. ನನ್ನ ಹಣಿ ರೊಟ್ಟಿ, ಕುಂಕುಮ ರಂಜಕ."

ಮೊಪೆಡ್ ನಿಂತಿತು. ಪೆಟ್ರೋಲ್ ಮುಗಿಯಿತೇನೋ ಅಂದುಕೊಂಡೆ. ಅವರು ಕಾಲೂರಿ, ತಿರುಗಿ ನನ್ನನ್ನು ನೋಡಿದರು. "ಇಪ್ಪತ್ತು ವರ್ಷ ಆ ಕೋಣ್ಯಾಗ ಇದ್ದೇನಿ" ಎಂದರು. ಮನೆ ಮುಟ್ಟುವವರೆಗೂ ಮೊಪೆಡ್ ಓಡಿಸುತ್ತ ತಲೆ ಅಲ್ಲಾಡಿಸುತ್ತಿದ್ದರು.

ಮರುದಿನವೇ ಬ್ಯಾಡಗಿಗೆ ಬಸ್ಸು ಹತ್ತಿದೆವು. ದೊಡ್ಡ ಮನೆಯ ಅಂಗಳದಲ್ಲಿ ಬಿಳಿ ಬಟ್ಟೆ ಹಾಸಿ ಮೆಣಸಿನಕಾಯಿ ಹರವಿದ್ದರು. ಹತ್ತು ಹನ್ನೆರಡು ಹೆಂಗಸರು ತೊಟ್ಟು ಬಿಡಿಸುತ್ತಿದ್ದರು. ಹಿರಿಯಜ್ಜಿ ಕಟ್ಟೆಯ ಮೇಲೆ ಕುಳಿತಿದ್ದರು, ಪಕ್ಕದ ಮಂಚದಲ್ಲಿ ಅವರ ಯಜಮಾನರು ಮಲಗಿದ್ದರು. ಅಜ್ಜ ಮಾತು ಶುರು ಮಾಡಿದರು. ಸೂರ್ಯನ ಕಿರಣ, ಕೆಂಪಿನಾಚೆಯ ಬೆಳಕು, ಶಾಖದ ಯಂತ್ರವೇ ಬೇರೆ ಫಿಲ್ಮೇ ಬೇರೆ ಎಂದು ಕುಮಾರಪಟ್ಟಣದಲ್ಲಿ ಕೇಳಿದ್ದೆಲ್ಲ ಹೇಳಿದರು. ಪ್ರತಿ ಎರಡು ಮಾತಿಗೊಮ್ಮೆ ಘಾಟು ಹತ್ತಿ ಸೀನಿದರು. ಎಲ್ಲಿ ಕಿರಣ ಮುಗಿದು ಎಲ್ಲಿ ಸೀನು ಶುರುವಾಯಿತು ಎಂದೇ ತಿಳಿಯುತ್ತಿರಲಿಲ್ಲ.

ಹಿರಿಯಜ್ಜಿ ಎಲ್ಲ ಕೇಳಿದರು. "ತಮ್ಮಾ, ನೀ ಶಾಣ್ಯಾ ಅದಿ, ಇಲ್ಲನ್ನಂಗಿಲ್ಲ. ನಾ ಒಂದ ಕೇಳ್ತೀನಿ. ನನ್ನ ಮೊಮ್ಮಗಳ ಹಣಿ ಮ್ಯಾಗಿನ ಕುಂಕುಮ ನಿನ್ನ ಫೋಟೋದಾಗ ಇರತೈತೋ, ಇಲ್ಲೋ?"

"ಇರತೈತ್ರಿ ಅಮ್ಮಾರ. ಆದ್ರ..."

"ಆದ್ರ ಅನ್ನೋ ಮಾತು ಮದುವಿ ಮನ್ಯಾಗ ಬ್ಯಾಡ. ಚಹಾ ಕುಡದು ಹೋಗ್ರಿ."

ಹೆಂಗಸರು ತಲೆ ತಗ್ಗಿಸಿ ನಕ್ಕರು. ಅಜ್ಜ ನನ್ನ ಕಡೆ ನೋಡಲಿಲ್ಲ, ನೆಲ ನೋಡಿದರು. ಮಾತಿನ ಮಲ್ಲ ನೆಲ ನೋಡಿದ್ದನ್ನು ನಾನು ಅಂದೇ ಕಂಡದ್ದು. ಅಂಗಳದ ಕಣ್ಣೆಲ್ಲ ನನ್ನ ಮೇಲೆ. ಚೀಲದಲ್ಲಿ ಕೈ ಹಾಕಿ ಆ ಕೆಂಪು ಗಾಜು ತೆಗೆದು, ಕಟ್ಟೆ ಹತ್ತಿ, ಹಿರಿಯಜ್ಜಿಯ ಕೈಯಲ್ಲಿಟ್ಟೆ.

"ಇದನ್ನ ಕಣ್ಣಿಗೆ ಹಿಡದು ನನ್ನ ಹಣಿ ನೋಡ್ರಿ" ಎಂದೆ. ಧ್ವನಿ ನನ್ನದೇ ಎಂದು ನನಗೇ ನಂಬಿಕೆಯಾಗಲಿಲ್ಲ.

ಅವರು ಹಿಡಿದರು. "ಹೋತಲ್ಲ ತಂಗಿ."

"ಈಗ ಗಾಜು ತಗೀರಿ."

"ಬಂತು."

ಮತ್ತೆ ಹಿಡಿದರು, ಮತ್ತೆ ತೆಗೆದರು. ಗಾಜು ಹಿಡಿದುಕೊಂಡೇ ಅಂಗಳದ ಕಡೆ ತಿರುಗಿ, "ನಿಂದೂ ಹೋತು, ನಿಂದೂ ಹೋತು, ನಿಂದಂತೂ ನಿನ್ನಿ ಹಚ್ಚಿದ್ದೇನ, ಗಾಜು ಹಿಡಿಯೂ ಮೊದಲ ಇರಲಿಲ್ಲ" ಎಂದು ಒಬ್ಬೊಬ್ಬರನ್ನೂ ಎಣಿಸಿದರು. ಕೊನೆಗೆ ಮಂಚದ ಮೇಲೆ ಗೊರಕೆ ಹೊಡೆಯುತ್ತಿದ್ದ ಯಜಮಾನರನ್ನು ಗಾಜಿನಿಂದ ಬಹಳ ಹೊತ್ತು ನೋಡಿ, "ಇವ್ರು ಮಾತ್ರ ಇದ್ದಂಗ ಅದಾರ, ಏನೂ ಆಗಿಲ್ಲ" ಎಂದರು. ಅಂಗಳವೆಲ್ಲ ನಕ್ಕಿತು. ಒಳಗಿನಿಂದ ಬಂದ ಅವರ ಮಗ, ವ್ಯಾಪಾರದವರು, ಗಾಜು ಇಸಿದುಕೊಂಡು ತಮ್ಮ ಮೆಣಸಿನಕಾಯಿ ನೋಡಿದರು. ಬಿಳಿ ಬಟ್ಟೆಯ ಮೇಲಿನ ಕೆಂಪು ಕಾಯಿ ಬಟ್ಟೆಯಲ್ಲೇ ಕರಗಿಹೋಗಿದ್ದವು. ಬ್ಯಾಡಗಿಯ ಕಾಯಿಗೆ ಬಣ್ಣವೇ ಬೆಲೆ. ಅವರು ಗಾಜನ್ನು ಲಗೂನೆ ನನ್ನ ಕೈಗೆ ಕೊಟ್ಟು, "ಇದನ್ನ ಖರೀದಿದಾರ್ರಿಗೆ ತೋರಸಬ್ಯಾಡ್ರಿ ತಾಯಿ" ಎಂದರು.

ಹಿರಿಯಜ್ಜಿ ಎರಡು ಕರಾರು ಹಾಕಿದರು. ಆ ಗಾಜೂ ಆ ಫಿಲ್ಮೂ ಮದುವೆಗೆ ಬರಬಾರದು. ನಾನು ಬರಬೇಕು, ಕ್ಯಾಮೆರಾದ ಪಕ್ಕದಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಣೆ ತುಂಬ ಕುಂಕುಮ ಇಟ್ಟುಕೊಂಡು ನಿಲ್ಲಬೇಕು. ನಿಂತೆ. ಮದುವೆಯ ಫೋಟೋಗಳಲ್ಲಿ ಮದುಮಗಳ ಕುಂಕುಮ ಮೂಗಿನವರೆಗೆ ಉದುರಿದ್ದೂ ಬಂದಿತ್ತು. ಆ ವರ್ಷ ಬ್ಯಾಡಗಿಯಲ್ಲಿ ಇನ್ನೂ ಮೂರು ಮದುವೆ ಮಾಡಿದೆವು.

ನಲವತ್ತೊಂದು ದಿನ ಮುಗಿದವು. ಅತ್ತೆ, "ಇನ್ನೊಂದಿಷ್ಟು ದಿನ ಇರಲಿ" ಎಂದರು. ಆ ಮಾತನ್ನು ಅವರು ಕೊನೆಯವರೆಗೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವರು ಹೋದ ಮೇಲೂ ನಾನು ಮೊಪೆಡ್ಡಿನ ಹಿಂದೆ ಕುಳಿತು ಮದುವೆಗಳಿಗೆ ಹೋಗುತ್ತಲೇ ಇದ್ದೆ, ಬೆನ್ನಿಗೆ ಮಾತನಾಡುತ್ತಲೇ ಇದ್ದೆ. ಅಜ್ಜ ಬಹಳ ವರ್ಷ ಇದ್ದರು, ವಯಸ್ಸಾಗಿ ಹೋದರು. ಫಿಲ್ಮಿಗೂ ಅದಕ್ಕೂ ಸಂಬಂಧವಿಲ್ಲ. ಈಗ ಕನ್ನಡಿಯಲ್ಲಿ ನನ್ನ ಮುಖ ಆ ಫೋಟೋದಂತೆಯೇ ಇದೆ. ನೀವು ತಪ್ಪು ತಿಳಿದದ್ದರಲ್ಲಿ ನಿಮ್ಮ ತಪ್ಪಿಲ್ಲ.

ಮುಂದಿನ ಸಲ ಬಂದಾಗ ಆ ಫೋಟೋ ಮತ್ತೆ ತೆಗೆದು ನೋಡಿ. ನಾನು ತಲೆ ಎತ್ತಿ ನಗುತ್ತಿದ್ದೇನೆ. ನಾನು ಮುಖ ತೋರಿಸಿದ ಫೋಟೋ ಅದೊಂದೇ. ಆಮೇಲೆ ಕೆಳಗೆ, ಒಲೆಯ ಈಚೆ, ನೆಲದ ಮೇಲೆ ನೋಡಿ. ಒಂದು ಕರಿ ನೆರಳು ಬಿದ್ದಿದೆ, ಎರಡೂ ಮೊಣಕೈ ಹೊರಗೆ ಚಾಚಿದ್ದು, ಮುಖದ ಹತ್ತಿರ ಏನೋ ಹಿಡಿದದ್ದು. ಬೆನ್ನಿಗೆ ಸೂರ್ಯ ಇಟ್ಟುಕೊಂಡು ನಿಂತಿದ್ದಾರಲ್ಲ, ಅವರೇ ನಿಮ್ಮ ಅಜ್ಜ. ಅತ್ತೆ ಅಂದು ನನ್ನ ಹಣೆ ನೋಡುವ ಗಾಬರಿಯಲ್ಲಿ ಮಗನ ನೆರಳು ನೋಡಲಿಲ್ಲ. ನೋಡಿದ್ದರೆ ಉಸಿರಾಡಿಸಿ ನೋಡುವ ಕೆಲಸ ಇರುತ್ತಿರಲಿಲ್ಲ.

ಈ ಹಾಳೆಗಳನ್ನು ಮಡಿಸಿ ಆ ಫೋಟೋದ ಹಿಂದೆ ದಾರದಿಂದ ಕಟ್ಟಿದ್ದೇನೆ. ಟ್ರಂಕಿನಲ್ಲಿ ಜಿರಲೆ ಗುಳಿಗೆಯೂ ಹಾಕಿದ್ದೇನೆ. ನೀವು ದೊಡ್ಡವರಾಗಿ ಟ್ರಂಕು ಯಾರ ಪಾಲಿಗೆ ಹೋದರೂ ಸರಿ, ಎರಡನ್ನೂ ಬೇರೆ ಮಾಡಬೇಡಿ, ಕಳೆಯಬೇಡಿ. ಹಾಳೆ ಇಲ್ಲದೆ ಫೋಟೋ ನೋಡಿದವರಿಗೆ ಅದರಲ್ಲಿ ಒಬ್ಬಳೇ ಕಾಣುತ್ತಾಳೆ.